ಬಂದ್ ಆದರೆ ಗೈಡ್ ಗತಿ ಏನು?

ಮಾನ್ಯರೇ,

ಕಾವೇರಿ ನೀರು ಬಿಡಿ ಅಂತ ಆದೇಶ ಬಂದಾಗಲೆಲ್ಲ ಮೈಸೂರಿನ ನಮ್ಮಂಥ ಗೈಡ್‌ಗಳ ಫೋನ್ ಹೊಡೆದುಕೊಳ್ಳಲು ಶುರು. 'ಸಾರ್, ತಮಿಳುನಾಡು ನಂಬರ್ ಗಾಡಿಯಲ್ಲಿ ಬರಬಹುದಾ?' ಅಂತ ಕೊಯಮತ್ತೂರಿನವರು ಕೇಳುತ್ತಾರೆ. ಯಾವ ಧೈರ್ಯದ ಮೇಲೆ ಬನ್ನಿ ಅನ್ನೋದು? 2016ರಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದದ್ದನ್ನು ಅವರು ಮರೆತಿಲ್ಲ. 2023ರ ಸೆಪ್ಟೆಂಬರ್ 29ರ ಬಂದ್ ಅಂತೂ ದಸರಾ ಬುಕಿಂಗ್ ಹೊತ್ತಿಗೇ ಬಂತು. ರೈತರ ಸಿಟ್ಟು ನ್ಯಾಯವೇ, ಕೆಆರ್‌ಎಸ್ ತುಂಬದ ವರ್ಷ ಮಂಡ್ಯದ ಗದ್ದೆಗಳ ಪಾಡು ನನಗೂ ಗೊತ್ತು. ಆದರೆ ಎಲ್ಲ ಪಕ್ಷದವರೂ ಹೆದ್ದಾರಿಯಲ್ಲಿ ಕೂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ದುಡಿಮೆ ಕಳೆದುಕೊಳ್ಳೋದು ಗೈಡು, ಟಾಂಗಾದವರು, ಹೋಟೆಲ್ ಹುಡುಗರು. ನಮಗೇನು ತಿಂಗಳ ಸಂಬಳ ಇದೆಯಾ? ಬಂದ್ ಕರೆಯುವವರು ಪ್ರವಾಸಿ ಗಾಡಿಗಳನ್ನಾದರೂ ಬಿಡಲಿ. ಯಾವ ದಾರಿ ತೆರೆದಿದೆ ಅಂತ ಜಿಲ್ಲಾಡಳಿತ ಹಿಂದಿನ ಸಂಜೆಯೇ ತಿಳಿಸಲಿ.

– ಒಬ್ಬ ಪ್ರವಾಸಿ ಗೈಡ್, ಮೈಸೂರು