ಕರ್ತನ ಭೋಜನಕ್ಕೆ ಮುಂಚೆ

ಮುಲುಂಡ, ಮುಂಬಯಿ

ಪ್ರಿಯ ಮಗನೇ,

ಕರ್ತನಾದ ಯೇಸುವಿನ ನಾಮದಲ್ಲಿ ನಿನಗೆ ಆಶೀರ್ವಾದಗಳು. ಪುಣೆಯಿಂದ ನೀನು ಬರೆದ ಪತ್ರವನ್ನು ಎರಡು ಸಲ ಓದಿದೆ. ಪ್ರಾರ್ಥನೆ ಬಾಯಿಪಾಠವಾಗಿದೆ, ಆರಾಧನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ಸಭೆಯ ಹಿರಿಯರಲ್ಲಿಯೂ ಸತ್ಯವಿಲ್ಲ ಎಂದು ನಾಲ್ಕು ಪುಟ ಬರೆದಿರುವೆ. ಅದರ ನಡುವೆ ಒಂದು ಸಾಲಿದೆ: ಕಚೇರಿಯಲ್ಲಿ ನಿನ್ನ ಕೈಕೆಳಗಿನ ಹುಡುಗನೊಬ್ಬ ಮಾಡಿದ ಕೆಲಸವು ನಿನ್ನ ಹೆಸರಿನಲ್ಲಿ ಮೇಲಕ್ಕೆ ಹೋಯಿತು, ನೀನು ಸುಮ್ಮನಿದ್ದೆ. ಅಷ್ಟು ಬರೆದು ಮತ್ತೆ ಹಿರಿಯರ ತಪ್ಪುಗಳಿಗೆ ಹೊರಟುಹೋಗಿರುವೆ. ನಾನು ಮಾತ್ರ ಆ ಸಾಲಿನಿಂದ ಮುಂದೆ ಹೋಗಲಾರದೆ ನಿಂತೆ.

ಅರಸನಾದ ದಾವೀದನು ತನ್ನ ಸೈನಿಕನಾದ ಊರೀಯನನ್ನು ಯುದ್ಧದಲ್ಲಿ ಸಾಯಿಸಿ, ಅವನ ಹೆಂಡತಿಯನ್ನು ಅರಮನೆಗೆ ತಂದುಕೊಂಡು, ಮಗು ಹುಟ್ಟಿದರೂ ಬಾಯಿ ಬಿಡಲಿಲ್ಲ. ಪ್ರವಾದಿಯಾದ ನಾತಾನನು ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಸಂಗತಿ ಹೇಳಿದಾಗ ಮಾತ್ರ ಅವನಿಗೆ ಕೋಪ ಉಕ್ಕಿತು. ಆ ಮನುಷ್ಯನು ನಾಲ್ಕರಷ್ಟು ಕೊಡಬೇಕೆಂದು ತೀರ್ಪು ಕೊಟ್ಟನು. ಆ ಮನುಷ್ಯನು ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಯೆರಿಕೋವಿನ ಜಕ್ಕಾಯನ ಬಾಯಲ್ಲಿಯೂ ಅದೇ ನಾಲ್ಕರಷ್ಟು ಬರುತ್ತದೆ. ಆದರೆ ಯೇಸು ಅವನ ಮನೆಗೆ ಬಂದಾಗ, ಯಾರೂ ಕೇಳದೆ, ತನ್ನ ಮೇಲೆ ತಾನೇ ಹೇಳಿಕೊಂಡ ಮಾತು ಅದು. ಆತ್ಮಪರೀಕ್ಷೆ ಎಂದರೆ ಏನೆಂದು ನನಗೆ ಈ ಇಬ್ಬರನ್ನು ಜೊತೆಗಿಟ್ಟು ಓದಿದಾಗ ತಿಳಿಯಿತು, ಅದೂ ತಡವಾಗಿ.

ನಿನಗೆ ಹೇಳದ ಸಂಗತಿಯೊಂದನ್ನು ಈಗ ಹೇಳುತ್ತೇನೆ. ಧಾರವಾಡದ ಮನೆ ಮಾರಿದಾಗ ನಿನ್ನ ತಂದೆಯ ಪಾಲಿನ 8,000 ರೂಪಾಯಿಯನ್ನು ನಾನು ಖರ್ಚಿನ ಲೆಕ್ಕದಲ್ಲಿ ಸೇರಿಸಿಬಿಟ್ಟೆ. ಅವನು ಕೇಳಿದ್ದಕ್ಕೆ ಸಿಟ್ಟಾಗಿ ಒಂಬತ್ತು ವರ್ಷ ಮಾತು ಬಿಟ್ಟೆ. ಅಷ್ಟು ವರ್ಷವೂ ತಿಂಗಳಿಗೊಮ್ಮೆ, ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಹೋದೆ. ಆ ಭೋಜನಕ್ಕೆ ಮುಂಚೆ ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂಬ ಅಪೊಸ್ತಲನಾದ ಪೌಲನ ಮಾತನ್ನು ಪಾದ್ರಿಗಳು ಓದುವಾಗ, ಮುಂದಿನ ಬೆಂಚಿನಲ್ಲಿ ಕುಳಿತವರ ಬಾಳನ್ನೆಲ್ಲ ಪರೀಕ್ಷಿಸುತ್ತಿದ್ದೆ. ಒಂದು ಭಾನುವಾರ ಪಾತ್ರೆ ನನ್ನ ಬಳಿಗೆ ಬಂದಾಗ ಕೈ ಏಳಲಿಲ್ಲ. ಅಂದೇ ರಾತ್ರಿ ದಾದರಿನಲ್ಲಿ ರೈಲು ಹತ್ತಿದೆ. ಬಾಗಿಲು ತೆರೆದ ನಿನ್ನ ತಂದೆ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟು, "ಮೊದಲ ಮಾರಿ ತೊಳಕೋ ಅಣ್ಣಾ, ಮಾತು ಆಮ್ಯಾಲೆ" ಎಂದನು. ದಾರಿಯುದ್ದಕ್ಕೂ ಕಲಿತುಕೊಂಡು ಹೋಗಿದ್ದ ಮಾತೆಲ್ಲ ಆ ನೀರಿನಲ್ಲಿಯೇ ಹೋಯಿತು.

ನಾತಾನನು ಬಂದ ಮೇಲೆ ದಾವೀದನು ಹಾಡಿದ್ದೆನ್ನುವ ಐವತ್ತೊಂದನೆಯ ಕೀರ್ತನೆಯಲ್ಲಿ ಶುದ್ಧಹೃದಯವನ್ನು ನಿರ್ಮಿಸು ಎಂದು ಬೇಡುವಲ್ಲಿ ಇರುವ ಹೀಬ್ರೂ ಕ್ರಿಯಾಪದವು ಆದಿಕಾಂಡದ ಮೊದಲ ವಚನದಲ್ಲಿ ಲೋಕದ ಸೃಷ್ಟಿಗೆ ಬಳಸಿರುವ ಪದವೇ ಆಗಿದೆ. ಹಳೆಯದನ್ನು ರಿಪೇರಿ ಮಾಡಿಕೊಡು ಎಂದು ಅಲ್ಲಿ ಕೇಳಿಲ್ಲ. ಆದ್ದರಿಂದ ಹಗಲೂ ರಾತ್ರಿ ನಿನ್ನನ್ನು ನೀನೇ ಬೈದುಕೊಳ್ಳಬೇಡ. ಅದೂ ತನ್ನ ಸುತ್ತಲೇ ಸುತ್ತುವ ಒಂದು ರೀತಿ. ಹೊಸ ಹೃದಯ ಕೊಡುವುದು ದೇವರ ಕೆಲಸ. ಬಚ್ಚಿಟ್ಟದ್ದನ್ನು ಹೆಸರು ಹಿಡಿದು ಹೇಳುವುದು ನಿನ್ನದು.

ಬರುವ ಭಾನುವಾರ ನಿಮ್ಮ ಸಭೆಯಲ್ಲಿ ಭೋಜನವಿದೆ ಎಂದು ಬರೆದಿರುವೆ. ಶನಿವಾರದೊಳಗೆ ಆ ಹುಡುಗನನ್ನು ಕಂಡು ಕ್ಷಮೆ ಕೇಳು. ಕೆಲಸ ಅವನದೆಂದು ಮೇಲಧಿಕಾರಿಗೆ ಬರೆದು ತಿಳಿಸು. ಬಡ್ತಿ ತಪ್ಪಿದರೂ ತಪ್ಪಲಿ. ಅದಾದ ಮೇಲೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ನಾನೂ ನಿನ್ನ ದೊಡ್ಡಮ್ಮನೂ ಎದ್ದಿರುತ್ತೇವೆ.

ನಿನ್ನ ದೊಡ್ಡಪ್ಪ