ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಚಿ. ಸೌ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮಗುವಿನ ಜ್ವರ, ನಿನ್ನ ಕೆಮ್ಮು, ನಿನ್ನ ಗಂಡನ ಬೆನ್ನುನೋವು, ಮಾವನವರ ಬಿಪಿ, ಅತ್ತೆಯವರ ರಕ್ತಪರೀಕ್ಷೆಯ ವರದಿ, ಮನೆಮಂದಿಯ ಆರೋಗ್ಯವೆಲ್ಲ ಒಂದೇ ಪತ್ರದಲ್ಲಿದೆ. ಪ್ರತಿ ಪ್ರಶ್ನೆಯ ಕೊನೆಗೂ ‘ಯಾವ ಮಾತ್ರೆ ಕೊಡಲಿ?’ ಎಂದು ಕೇಳಿದ್ದೀಯೆ. ಇಷ್ಟು ವರ್ಷ ಮನೆ ಮನೆಯ ಕಾಯಿಲೆ ನೋಡಿದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದಿದೆ. ಮನೆಯಲ್ಲಿ ಕಾಣಿಸಿಕೊಳ್ಳುವ ಹೆಚ್ಚಿನ ತೊಂದರೆಗಳು ಸ್ವಲ್ಪ ಸಮಯ ಕೊಟ್ಟರೆ ತಾವಾಗಿಯೇ ವಾಸಿಯಾಗುತ್ತವೆ. ಕೆಲವು ಮಾತ್ರ ನಮಗೆ ಒಂದು ಗಂಟೆಯ ಅವಕಾಶವನ್ನೂ ಕೊಡುವುದಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡಲು ನೀನು ಕಲಿತರೆ ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮಗುವಿನ ಜ್ವರ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದನ್ನು ಜ್ವರ ಎನ್ನುತ್ತೇವೆ. ಆದರೆ ಜ್ವರವೇ ಕಾಯಿಲೆಯಲ್ಲ. ಸೋಂಕನ್ನು ಎದುರಿಸಲು ಮಿದುಳು ತಾನಾಗಿ ಮೈಯ ಶಾಖವನ್ನು ಏರಿಸುತ್ತದೆ. ಹಾಗಾಗಿ ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ಸಂಕಟ ಇಳಿಸಲು, ಥರ್ಮಾಮೀಟರಿನ ಅಂಕಿ ಇಳಿಸಲು ಅಲ್ಲ. 102 ಡಿಗ್ರಿ ಇದ್ದರೂ ಮಗು ಹಾಲು ಕುಡಿಯುತ್ತಾ, ಆಟದ ಸಾಮಾನಿಗೆ ಕೈ ಚಾಚುತ್ತಾ ಇದ್ದರೆ ನಾನು ಗಾಬರಿಪಡುವುದಿಲ್ಲ. 100.5 ಮಾತ್ರ ಇದ್ದು, ಮಗು ಸೊರಗಿ ಮಲಗಿ, ಕರೆದರೂ ಕಣ್ಣೆತ್ತಿ ನೋಡದಿದ್ದರೆ ನನಗೆ ಆತಂಕವಾಗುತ್ತದೆ. ಮೂರು ತಿಂಗಳೊಳಗಿನ ಕೂಸಿನ ವಿಷಯ ಮಾತ್ರ ಬೇರೆ. ಅಷ್ಟು ಚಿಕ್ಕ ಮಗುವಿಗೆ ಜ್ವರ ಬಂದರೆ ಯಾವ ಲೆಕ್ಕಾಚಾರವೂ ಬೇಡ, ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಿನ್ನ ಮಗುವಿಗೆ ಒಂದೂವರೆ ವರ್ಷವಾಗಿರುವುದರಿಂದ ನೋಡಿ ನಿರ್ಧರಿಸಲು ನಿನಗೆ ಸ್ವಲ್ಪ ಸಮಯವಿದೆ.

ಔಷಧಿಯ ಪ್ರಮಾಣವನ್ನು ಮಗುವಿನ ವಯಸ್ಸು ನೋಡಿ ಅಲ್ಲ, ತೂಕ ನೋಡಿ ಲೆಕ್ಕ ಹಾಕಬೇಕು. ಪ್ಯಾರಾಸಿಟಮಾಲ್ ಆದರೆ ಒಂದು ಸಲಕ್ಕೆ ಪ್ರತಿ ಕಿಲೋಗೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಹನಿಗಳಾಗಿ ಹಾಕುವ ಔಷಧಿಯ ಸಾಂದ್ರತೆ ಬೇರೆ, ಸಿರಪ್ಪಿನದು ಬೇರೆ. ಸಿರಪ್ಪಿನಲ್ಲೂ ಎರಡು ಮೂರು ಬಗೆಗಳಿವೆ. ಆದ್ದರಿಂದ ‘ಅರ್ಧ ಚಮಚ’ ಎಂಬ ಅಂದಾಜು ಬೇಡ. ಶೀಶೆಯ ಮೇಲೆ ಎಷ್ಟು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಓದಿ, ಅದರ ಜೊತೆ ಬರುವ ಅಳತೆಯ ಮುಚ್ಚಳದಲ್ಲೇ ಕೊಡು. ತಣ್ಣೀರಿನ ಬಟ್ಟೆಯಿಂದ ಮೈ ಒರೆಸುವುದು ಬೇಡ, ಮಗು ನಡುಗುವುದಷ್ಟೇ ಆಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಇನ್ನೊಂದು ವಿದ್ಯೆ ಕಲಿತುಕೋ, ಅದು ಥರ್ಮಾಮೀಟರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೆಮ್ಮು ಜ್ವರ ಇರುವ ಮಗು ಅಳದೆ ಸುಮ್ಮನಿರುವಾಗ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಗಿಯನ್ನು ಎದೆಯ ತನಕ ಮೇಲೆತ್ತು. ಹೊಟ್ಟೆ ಒಮ್ಮೆ ಮೇಲೇರಿ ಇಳಿದರೆ ಒಂದು ಉಸಿರು. ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡ, ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ನ್ಯುಮೋನಿಯಾ ಇರಬಹುದು ಎಂದೇ ತಿಳಿದು ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರು ಒಳಗೆಳೆದುಕೊಳ್ಳುವಾಗ ಪಕ್ಕೆಲುಬಿನ ಕೆಳಭಾಗ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಬೇಡ, ಹೊರಡು.

ಜ್ವರದಲ್ಲಿ ಮಗುವಿಗೆ ಸೆಳವು ಬಂದರೆ ನೋಡುವವರ ಎದೆ ಒಡೆದುಹೋಗುತ್ತದೆ, ನನಗೆ ಗೊತ್ತು. ಆದರೂ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡು. ಬಾಯಿಗೆ ಚಮಚ, ಬೆರಳು, ನೀರು, ಏನನ್ನೂ ಹಾಕಬೇಡ, ಕೈಕಾಲು ಹಿಡಿದು ಅದುಮಬೇಡ. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ ಮತ್ತು ಮಿದುಳಿಗೆ ಹಾನಿ ಮಾಡುವುದಿಲ್ಲ. ಐದು ನಿಮಿಷ ದಾಟಿದರೆ ಅದು ತುರ್ತು. ಮೊದಲ ಸಲ ಬಂದದ್ದಾದರೆ, ನಿಂತ ಮೇಲೂ ಅಂದೇ ತೋರಿಸಬೇಕು.

ಭೇದಿಯ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀಯೆ, ‘ನಿಲ್ಲಿಸುವ ಮಾತ್ರೆ ಯಾವುದು’ ಎಂದು. ಮಗುವಿಗೆ ಅಂಥ ಮಾತ್ರೆ ಬೇಡವೇ ಬೇಡ. ಭೇದಿಯಲ್ಲಿ ಜೀವಕ್ಕೆ ಅಪಾಯ ಬರುವುದು ಮೈಯಿಂದ ಹೊರಟುಹೋಗುವ ನೀರು ಮತ್ತು ಉಪ್ಪಿನಿಂದ. ಅದನ್ನು ತುಂಬಿಕೊಡುವುದು ಓಆರ್‌ಎಸ್. ಸಕ್ಕರೆ ಮತ್ತು ಉಪ್ಪು ಸರಿಯಾದ ಅಳತೆಯಲ್ಲಿದ್ದರೆ ಕರುಳಿನ ಗೋಡೆ ಎರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಭೇದಿ ಜೋರಾಗಿರುವಾಗಲೂ ಈ ದಾರಿ ಮುಚ್ಚಿರುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಈ ದ್ರಾವಣವನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ರೋಗಿಗಳ ಮನೆಯವರೇ ಲೋಟ ಹಿಡಿದು ಕುಡಿಸಿದ್ದು, ಸಾವಿರಾರು ಜೀವಗಳು ಉಳಿದವು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸವನ್ನು ಇಷ್ಟು ಸರಳ ವಸ್ತು ಮಾಡಿದ್ದನ್ನು ನಾನು ಬೇರೆ ಕಂಡಿಲ್ಲ.

ಪೊಟ್ಟಣ ಸಿಕ್ಕರೆ ಅದೇ ಉತ್ತಮ. ಅದರ ಮೇಲೆ ಹೇಳಿದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಹಾಕಬೇಕು, ಅರ್ಧ ಈಗ ಅರ್ಧ ಆಮೇಲೆ ಎಂದು ಮಾಡಬಾರದು. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈಯಂದಾಜು ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸು. ಎದೆಹಾಲು, ಊಟ ಯಾವುದನ್ನೂ ನಿಲ್ಲಿಸಬೇಡ. ಮಕ್ಕಳಿಗೆ ಇದರ ಜೊತೆ ಹತ್ತರಿಂದ ಹದಿನಾಲ್ಕು ದಿನ ಸತುವಿನ ಔಷಧಿಯನ್ನೂ ಕೊಡುತ್ತೇವೆ, ಅದನ್ನು ವೈದ್ಯರಲ್ಲಿ ಕೇಳಿ ಪಡೆ. ಮಗು ಮೂತ್ರ ಮಾಡಿ ಆರೆಂಟು ಗಂಟೆಯಾಗಿದ್ದರೆ, ಅತ್ತರೆ ಕಣ್ಣೀರು ಬರದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು.

ಈಗ ನಿನ್ನ ಕೆಮ್ಮು. ನೆಗಡಿ ಹೋಗಿ ಹತ್ತು ದಿನವಾದರೂ ಕೆಮ್ಮು ಬಿಟ್ಟಿಲ್ಲ, ಕಫ ಹಸಿರಾಗಿದೆ, ಆ್ಯಂಟಿಬಯೋಟಿಕ್ ಬೇಕೇ ಎಂದು ಕೇಳಿದ್ದೀಯೆ. ಬೇಡ. ಕಫಕ್ಕೆ ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದಿಂದ, ವೈರಸ್ಸಿನಿಂದ ಬಂದ ನೆಗಡಿಯಲ್ಲೂ ಹಾಗಾಗುತ್ತದೆ. ನೆಗಡಿಯ ನಂತರದ ಕೆಮ್ಮು ಎರಡು ಮೂರು ವಾರ ಎಳೆಯುವುದು ಸಾಮಾನ್ಯ. ದಿನದಿಂದ ದಿನಕ್ಕೆ ಸ್ವಲ್ಪವಾದರೂ ಕಡಿಮೆಯಾಗುತ್ತಿದೆಯೇ ಎಂಬುದಷ್ಟನ್ನು ನೋಡು. ಎರಡು ವಾರ ಕಳೆದರೂ ಇಳಿಯುವ ಲಕ್ಷಣವಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯವನ್ನು ತಡವಾಗಿ ಕಂಡುಹಿಡಿಯುವುದು ಇಡೀ ಮನೆಗೆ ಕೇಡು. ಕಫದಲ್ಲಿ ರಕ್ತ, ಉಸಿರಾಟಕ್ಕೆ ಕಷ್ಟ, ಬಿಟ್ಟ ಜ್ವರ ಮತ್ತೆ ಬರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೆ ಎರಡು ವಾರವನ್ನೂ ಕಾಯಬಾರದು.

ಕಳೆದ ಸಲ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಗಳು ಡಬ್ಬಿಯಲ್ಲಿವೆ ಎಂದಿದ್ದೀಯೆ. ದಯವಿಟ್ಟು ಮುಟ್ಟಬೇಡ. ಅವು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಹೊರತು ವೈರಸ್ಸನ್ನಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು: ಅರೆಬರೆ ಪ್ರಮಾಣದಲ್ಲಿ ನುಂಗಿದರೆ ಕ್ರಿಮಿಗಳು ಸಾಯದೆ ಔಷಧಿಗೇ ಬಗ್ಗದಂತಾಗುತ್ತವೆ ಎಂದು. ನಾಳೆ ನಿನ್ನ ಮಗುವಿಗೆ ನಿಜವಾದ ನ್ಯುಮೋನಿಯಾ ಬಂದಾಗ ಆ ಔಷಧಿ ಕೆಲಸ ಮಾಡಬೇಕು, ನನ್ನ ಕಾಳಜಿ ಅದು.

ಬೆನ್ನುನೋವಿಗೆ ಹಾಸಿಗೆ ಹಿಡಿದು ಮಲಗುವುದು ಹಳೆಯ ಪದ್ಧತಿ. ನಿನ್ನ ಗಂಡ ನೋವು ತಡೆಯುವಷ್ಟು ಮಟ್ಟಿಗೆ ಓಡಾಡಿಕೊಂಡಿರಲಿ, ಕೆಲವು ವಾರಗಳಲ್ಲಿ ಸರಿಯಾಗುತ್ತದೆ, ಸ್ಕ್ಯಾನ್ ಈಗ ಅನಗತ್ಯ. ಕಾಲಿನ ಬಲ ಕುಗ್ಗಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಅಂದೇ ಆಸ್ಪತ್ರೆ.

ಮಾವನವರ ಬಿಪಿ ಒಮ್ಮೆ 160, ಒಮ್ಮೆ 130 ತೋರಿಸುತ್ತದೆ ಎಂದು ಯಂತ್ರವನ್ನು ದೂರಿದ್ದೀಯೆ. ಅವರು ಹೊರಗಿನಿಂದ ಬಂದು, ಮಾತಾಡುತ್ತಾ, ತೋಳನ್ನು ಕೆಳಗೆ ಇಳಿಬಿಟ್ಟುಕೊಂಡು ನೋಡಿಕೊಂಡರೆ ಯಾವ ಯಂತ್ರವೂ ಹಾಗೆಯೇ ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಬೀಡಿ ಸಿಗರೇಟು ಇರಬಾರದು. ಮೂತ್ರಕ್ಕೆ ಹೋಗಿ ಬರಲಿ. ಒರಗುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಲಿ. ತೋಳು ಮೇಜಿನ ಮೇಲೆ ಹೃದಯದ ಮಟ್ಟಕ್ಕಿರಲಿ, ಪಟ್ಟಿಯನ್ನು ಬರಿಯ ತೋಳಿಗೆ ಕಟ್ಟಬೇಕು, ಅಂಗಿಯ ಮೇಲಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದಿದ್ದರೂ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಬರೆದಿಟ್ಟು ಸರಾಸರಿ ತೆಗೆ. ಮನೆಯ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಆ ಹಾಳೆಯನ್ನು ಅವರ ವೈದ್ಯರಿಗೆ ತೋರಿಸು. ಅಂಕಿ ಸರಿಯಾಯಿತು ಎಂದು ಅವರು ಮಾತ್ರೆ ಬಿಡದಂತೆ ನೋಡಿಕೋ, ಅದು ಸರಿಯಾಗಿರುವುದೇ ಮಾತ್ರೆಯಿಂದ.

ಅತ್ತೆಯವರ ವರದಿಯಲ್ಲಿ ಎರಡು ಅಂಕಿಗಳು ದಪ್ಪ ಅಕ್ಷರದಲ್ಲಿ ಬಂದದ್ದಕ್ಕೆ ಅವರು ನಿದ್ದೆಗೆಟ್ಟಿದ್ದಾರೆ ಎಂದೆ. ಅವರಿಗೆ ಇದನ್ನು ಓದಿ ಹೇಳು. ವರದಿಯಲ್ಲಿ ‘ಸಾಮಾನ್ಯ ಮಿತಿ’ ಎಂದು ಅಚ್ಚಾಗಿರುವುದು ಸಾಮಾನ್ಯವಾಗಿ ಆರೋಗ್ಯವಂತರ ಪೈಕಿ ನೂರಕ್ಕೆ 95 ಜನರ ಅಂಕಿ. ಉಳಿದ ಐವರೂ ಆರೋಗ್ಯವಂತರೇ. ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ ಏನೂ ತೊಂದರೆಯಿಲ್ಲದವರಲ್ಲೂ ಒಂದಾದರೂ ಗೆರೆ ದಾಟುವ ಸಂಭವವೇ ಹೆಚ್ಚು. ಆದರೆ ಅವರ ಎಚ್‌ಬಿಎ1ಸಿ 6.1 ಎಂದು ಬರೆದಿದ್ದೀಯೆ, ಅದನ್ನು ಕಡೆಗಣಿಸಬಾರದು. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ. 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4ರವರೆಗೆ ಅದರ ಹೊಸ್ತಿಲು. ತೂಕ ಸ್ವಲ್ಪ ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಹಿಂದಕ್ಕೆ ಬರಲು ಇದೇ ಸಮಯ.

ಇನ್ನು, ಕಾಯಲೇಬಾರದವು. ಮುಖ ಒಂದು ಕಡೆಗೆ ಸೊಟ್ಟಗಾದರೆ, ಎರಡೂ ಕೈ ಎತ್ತಿ ಹಿಡಿ ಎಂದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಆದ್ದರಿಂದ ಶುರುವಾದ ಹೊತ್ತನ್ನು ಗುರುತಿಟ್ಟುಕೋ. ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಯಾರೇ ಹೇಳಿದರೂ ಕೇಳಬೇಡ. ಎದೆ ಅದುಮಿದಂತಾಗಿ ಬೆವರು ಸುರಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಗ್ಯಾಸ್ ಎಂದು ಸಮಾಧಾನ ಮಾಡಿಕೊಳ್ಳಬಾರದು. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರಿಯ ಏದುಸಿರು, ವಿಪರೀತ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರುತ್ತದೆ.

ಸುಟ್ಟ ಗಾಯದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಏನೂ ಬೇಡ.

ಮಗುವಿನ ಇವತ್ತಿನ ತೂಕವನ್ನೂ ಮನೆಯಲ್ಲಿರುವ ಸಿರಪ್ಪಿನ ಶೀಶೆಯ ಮೇಲೆ ಬರೆದಿರುವ ಮಿಲಿಗ್ರಾಂ ಲೆಕ್ಕವನ್ನೂ ಬರೆದು ಕಳುಹಿಸು. ಎಷ್ಟು ಮಿಲಿಲೀಟರ್ ಎಂದು ಗುಣಿಸಿ ತಿಳಿಸುತ್ತೇನೆ. ಆ ಶೀಶೆಯ ಅವಧಿ ಮುಗಿದಿದ್ದರೆ ಹೊಸದು ತರಿಸಿಡು.

ಇಂತಿ,
ನಿನ್ನ ದೊಡ್ಡಪ್ಪ