ನನ್ನ ಟಿಕೆಟ್‌ಗಳ ಹರಿದ ಅಂಚನ್ನು ಯಾಕೆ ಕತ್ತರಿಸಿದಿರಿ?

ವಿಷಯ: ಹಳೆಯ ಮ್ಯಾಚ್ ಟಿಕೆಟ್‌ಗಳ ಅಂಚು ಕತ್ತರಿಸಿ, ಗಮ್ ಹಾಕಿ ಅಂಟಿಸಿ, ಲ್ಯಾಮಿನೇಷನ್ ಮಾಡಿ ಹಾಳು ಮಾಡಿರುವ ಬಗ್ಗೆ

ಮ್ಯಾನೇಜರ್ ಅವರೇ, ನಮಸ್ಕಾರ.

ಫೋನಿನಲ್ಲಿ ನಾಲ್ಕು ಸಲ ಹೇಳಿದ್ದೇನೆ. ನಾಲ್ಕು ಸಲವೂ ಬೇರೆ ಬೇರೆಯವರು ಎತ್ತಿದರು. ಪ್ರತಿ ಸಲ ಮೊದಲಿಂದ ಹೇಳಬೇಕಾಯಿತು. ಅದಕ್ಕೆ ಈಗ ಬರೆದೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಿನವನು. ಕ್ರಿಕೆಟ್ ಹುಚ್ಚು ಚಿಕ್ಕಂದಿನಿಂದ ಇದೆ. ಟಿವಿಯಲ್ಲಿ ನೋಡುವುದಕ್ಕಿಂತ ಗ್ರೌಂಡಿಗೆ ಹೋಗಿ ನೋಡುವುದೇ ನನಗೆ ಇಷ್ಟ. ಹೋದ ಪ್ರತಿ ಮ್ಯಾಚಿನ ಟಿಕೆಟ್ಟು, ಸ್ಕೋರ್ ಬರೆದುಕೊಂಡ ಹಾಳೆ, ಆವತ್ತಿನ ಬಸ್ ಟಿಕೆಟ್ಟು, ಎಲ್ಲಾ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡು ಬಂದಿದ್ದೆ. ಸುಮಾರು ಮೂವತ್ತು ವರ್ಷದ್ದು. ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಬರುತ್ತಿದೆ ಎಂದು ಹೆದರಿ, ತುಂಬಾ ಮುಖ್ಯವಾದ ಐದನ್ನು ಆರಿಸಿ ಕಟ್ಟು ಹಾಕಿಸೋಣ ಎಂದು ನಿಮಗೆ ಕೊಟ್ಟೆ. ನಿಮ್ಮ ಜಾಹೀರಾತಿನಲ್ಲಿ ಹಳೆಯ ಕಾಗದಪತ್ರಗಳನ್ನು ಜೋಪಾನವಾಗಿ ಫ್ರೇಮ್ ಮಾಡುತ್ತೇವೆ ಎಂದು ಇತ್ತು. ಪೂರ್ತಿ ಹಣ, ₹6,800, ಮೊದಲೇ ಕಟ್ಟಿದ್ದೇನೆ.

ಫ್ರೇಮ್ ಮನೆಗೆ ಬಂದ ದಿನ ಅಪ್ಪ ಅದನ್ನು ತೊಡೆ ಮೇಲೆ ಇಟ್ಟುಕೊಂಡು, ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು. ನನಗಿಂತ ಮೊದಲು ಅವರಿಗೇ ಗೊತ್ತಾಯಿತು. "ಹರಿದಿದ್ದ ಕಡೆ ಎಲ್ಲಿ ಹೋಯ್ತೋ?" ಎಂದರು.

ಐದರಲ್ಲಿ ಮೂರು ಸ್ಟೇಡಿಯಂ ಟಿಕೆಟ್‌ಗಳು. ಮೂರರದ್ದೂ ಎಡಗಡೆ ಗೇಟಿನಲ್ಲಿ ಹರಿದ ಅಂಚು ಇತ್ತು. ನಿಮ್ಮವರು ಅದನ್ನು ಕಟರ್ ಇಟ್ಟು ನೇರ ಮಾಡಿಬಿಟ್ಟಿದ್ದಾರೆ. ಫೋನಿನಲ್ಲಿ ಕೇಳಿದ್ದಕ್ಕೆ, "ಸರ್, ಅಂಚು ಹರಿದಿತ್ತು, ನೀಟಾಗಿ ಕಾಣಲಿ ಅಂತ ಫಿನಿಶಿಂಗ್ ಮಾಡಿದ್ದೀವಿ" ಎಂದು ಆ ಹುಡುಗಿ ಹೇಳಿದರು. ಅವರ ಮೇಲೆ ನನಗೆ ಕೋಪ ಇಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಮೊದಲನೆಯದು 1996ರ ಮಾರ್ಚ್ 9ರ ಟಿಕೆಟ್. ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್, ಇಂಡಿಯಾ ಪಾಕಿಸ್ತಾನ. ನನಗೆ ಆಗ ಹನ್ನೆರಡು ವರ್ಷ. ಅಪ್ಪ ಎಲ್ಲಿಂದ ಹೇಗೆ ಎರಡು ಟಿಕೆಟ್ ತಂದರೋ, ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ಮೈಸೂರಿನಿಂದ ರೈಲಿನಲ್ಲಿ ಹೋದೆವು. ಗೇಟಿನಲ್ಲಿ ನೂಕಾಟ ಹೇಗಿತ್ತು ಎಂದರೆ ಅಪ್ಪ ನನ್ನ ಕೈ ಬಿಟ್ಟು ಷರ್ಟಿನ ಕಾಲರ್ ಹಿಡಿದುಕೊಂಡಿದ್ದರು. ಟಿಕೆಟ್ ಹರಿಯುತ್ತಿದ್ದವನು ಆ ನೂಕಾಟದಲ್ಲಿ ತೂತಿನ ಸಾಲಿನ ಮೇಲೆ ಹರಿಯಲಿಲ್ಲ, ಓರೆಯಾಗಿ ಹರಿದ. ನಂಬರಿನ ಒಂದು ಅಂಕಿ ಅರ್ಧಕ್ಕೆ ಹೋಯಿತು. ಉಳಿದ ಅರ್ಧ ಟಿಕೆಟ್ಟಿನಲ್ಲೇ ಇತ್ತು. 8 ಇರಬೇಕು ಎಂದು ನಾನು, 3 ಎಂದು ಅಪ್ಪ, ಎಷ್ಟೋ ಸಲ ವಾದ ಮಾಡಿದ್ದೇವೆ. ಅದರ ಪಕ್ಕ ಕಾಗದದ ಎಳೆಗಳು ಬಿಳಿಯಾಗಿ ನೂಲಿನ ಹಾಗೆ ಎದ್ದಿದ್ದವು. ಈಗ ಅಲ್ಲಿ ಏನೂ ಇಲ್ಲ. ಸ್ಕೇಲ್ ಇಟ್ಟ ಹಾಗೆ ಒಂದು ಗೆರೆ. ನಂಬರ್ ಪೂರ್ತಿ ಹೋಗಿದೆ.

ಟಿಕೆಟ್ ಕೂಡಿಡುವವರಿಗೆ ಆ ಹರಿದ ಅಂಚು ಏನು ಎಂದು ಸ್ವಲ್ಪ ಹೇಳುತ್ತೇನೆ, ಕೇಳಿ. ಹರಿಯದ ಹಳೆಯ ಟಿಕೆಟ್ ದುಡ್ಡು ಕೊಟ್ಟರೆ ಸಿಗುತ್ತದೆ. ಅದು ಮಾರಾಟವಾಗದೆ ಉಳಿದದ್ದಿರಬಹುದು, ಇಲ್ಲಾ ಯಾರೋ ಕೊಂಡು ಹೋಗದೆ ಬಿಟ್ಟದ್ದಿರಬಹುದು. ಚೆನ್ನಾಗಿ ಕಾಣುತ್ತದೆ, ಜಾಸ್ತಿ ಬೆಲೆಯೂ ಬರಬಹುದು. ನನಗೆ ಅದು ಬೇಡ. ಹರಿದಿದೆ ಎಂದರೆ ನಾನು ಗೇಟು ದಾಟಿ ಒಳಗೆ ಹೋಗಿದ್ದೇನೆ ಎಂದು ಅರ್ಥ. ಸಿದ್ದು 93 ಹೊಡೆದದ್ದು, ಕೊನೆಯಲ್ಲಿ ವಕಾರ್ ಬೌಲಿಂಗಿಗೆ ಅಜಯ್ ಜಡೇಜ ಬಾರಿಸಿ 25 ಬಾಲಿಗೆ 45 ಮಾಡಿದ್ದು, ಆಮೀರ್ ಸೊಹೈಲ್ ಫೋರ್ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಎಗರಿಸಿದ್ದು, ಆಗ ಅಪ್ಪ ನನ್ನನ್ನು ಎತ್ತಿಕೊಂಡದ್ದು, ಹನ್ನೆರಡು ವರ್ಷದ ಹುಡುಗನನ್ನು, ಇದೆಲ್ಲಾ ಆ ಹರಿದ ಅಂಚಿನ ಈಚೆಗೆ ಆದದ್ದು. ಈಗಂತೂ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಒಳಗೆ ಹೋಗುವುದು ಜಾಸ್ತಿ ಆಗಿದೆ. ಹರಿಯುವುದಕ್ಕೆ ಕಾಗದವೇ ಇರುವುದಿಲ್ಲ.

ಎರಡನೆಯದು ಅದೇ ವರ್ಷ ಅಕ್ಟೋಬರ್ 21ರದ್ದು. ಟೈಟನ್ ಕಪ್, ಆಸ್ಟ್ರೇಲಿಯಾ ಮೇಲೆ. ಅಪ್ಪನಿಗೆ ರಜೆ ಸಿಗಲಿಲ್ಲ, ಸೋದರಮಾವ ಕರೆದುಕೊಂಡು ಹೋದರು. ಗೆಲ್ಲಲು 216 ಬೇಕು. ಸಚಿನ್ 88 ಹೊಡೆದು ಔಟ್ ಆದ ಮೇಲೆ ಎಂಟನೆಯ ವಿಕೆಟ್ಟೂ 164ಕ್ಕೆ ಬಿತ್ತು. ನಮ್ಮ ಸಾಲಿನವರು ಎದ್ದು ಹೊರಟರು. ಮಾವ "ಕೂತ್ಕೋ, ನಮ್ ಹುಡುಗ್ರು ಇದ್ದಾರೆ" ಎಂದರು. ಶ್ರೀನಾಥ್, ಕುಂಬ್ಳೆ, ಇಬ್ಬರೂ ನಮ್ಮವರೇ, 52 ರನ್ ಸೇರಿಸಿ ಗೆಲ್ಲಿಸಿಬಿಟ್ಟರು. ಮಾವ ಈಗ ಇಲ್ಲ. ಅವರು ಆವತ್ತು ಆ ಟಿಕೆಟ್ಟಿನ ಹಿಂದೆ ನೀಲಿ ಬಾಲ್ ಪೆನ್ನಿನಲ್ಲಿ "ಶ್ರೀ 30, ಕುಂ 16, ಎದ್ದು ಹೋದವರು ಕೆಟ್ಟರು" ಎಂದು ಬರೆದಿದ್ದರು. ನಾನು ಟಿಕೆಟ್ ಕೊಡುವಾಗ ನಿಮ್ಮ ಹುಡುಗನಿಗೆ ಅದನ್ನು ತಿರುಗಿಸಿ ತೋರಿಸಿದ್ದೆ. ಹಿಂದುಗಡೆ ಬರಹ ಇದೆ, ಅಂಟಿಸಬೇಡಿ, ಬೇಕಾದಾಗ ತೆಗೆದು ನೋಡುವ ಹಾಗಿರಲಿ ಎಂದು ಹೇಳಿದ್ದೆ. ಅವನು ರಸೀದಿಯ ಕೆಳಗೆ "ಬ್ಯಾಕ್ ಸೈಡ್ ರೈಟಿಂಗ್" ಎಂದು ಬರೆದುಕೊಂಡ. ಆ ರಸೀದಿಯ ಫೋಟೋ ಇದರ ಜೊತೆ ಇದೆ, ನೋಡಿ.

ಆದರೂ ಪೂರ್ತಿ ಗಮ್ ಸವರಿ ಬೋರ್ಡಿಗೆ ಅಂಟಿಸಿದ್ದಾರೆ. ಮೂಲೆಯಲ್ಲಿ ಉಗುರು ಹಾಕಿ ಮೆಲ್ಲಗೆ ಎತ್ತಲು ನೋಡಿದೆ. ಕಾಗದದ ಮೇಲ್ಪದರ ಸಿಪ್ಪೆಯ ಹಾಗೆ ಎದ್ದು ಬಂತು. ಅಲ್ಲಿಗೇ ಬಿಟ್ಟೆ. ಮಾವನ ಕೈಬರಹ ಈಗ ಬೋರ್ಡಿನ ಕಡೆ ಮುಖ ಮಾಡಿ ಕೂತಿದೆ.

ಮೂರನೆಯ ಟಿಕೆಟ್ 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಮ್ಯಾಚು. ಕೋಲ್ಕತ್ತಾ ಕಡೆಯ ಮೆಕಲಂ ಒಬ್ಬರೇ 158 ಹೊಡೆದರು, ನಮ್ಮ ಆರ್‌ಸಿಬಿ 82ಕ್ಕೆ ಆಲ್‌ಔಟ್. ಸೋತದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ ಸರ್ ಎಂದು ನಿಮ್ಮ ಹುಡುಗ ಕೇಳಿದ. ಗೆದ್ದಾಗ ಮಾತ್ರ ಹೋಗುವವನು ನಾನಲ್ಲ. ಆ ಟಿಕೆಟ್ಟಿಗೂ ಕಟರ್ ಬಿದ್ದಿದೆ.

ನಾಲ್ಕನೆಯದು ಟಿಕೆಟ್ ಅಲ್ಲ, ನಾನೇ ಬರೆದ ಸ್ಕೋರ್ ಹಾಳೆ. 2010ರ ಜನವರಿ, ರಣಜಿ ಫೈನಲ್, ನಮ್ಮ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ. ನೀವು ಮೈಸೂರಿನವರಾಗಿದ್ದರೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ. ಜಾಗ ಸಾಲದೆ ಜನ ಮರ ಹತ್ತಿ ಕೂತಿದ್ದರು. ಮುಂಬೈ ಮೇಲೆ ಗೆಲ್ಲಲು ನಮ್ಮ ಕರ್ನಾಟಕಕ್ಕೆ 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದ, 331ಕ್ಕೆ ನಿಂತಿತು. ಆರು ರನ್ನಿನಿಂದ ಸೋತೆವು. ಕೊನೆಯ ವಿಕೆಟ್ ಬಿದ್ದಾಗ ನನ್ನ ಪೆನ್ಸಿಲ್ ಒತ್ತಿ ಹಾಳೆ ತೂತಾಗಿತ್ತು. ಸುತ್ತ ಇದ್ದವರು ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಆ ತೂತು ಹಾಳೆಯ ಕೆಳಗಡೆ, ಕೊನೆಯ ಸಾಲಿನಲ್ಲಿ ಇದೆ. ನಿಮ್ಮ ಮೌಂಟ್, ಅಂದರೆ ಸುತ್ತ ಇಟ್ಟ ರಟ್ಟಿನ ಅಂಚು, ಆ ಸಾಲನ್ನೇ ಮುಚ್ಚಿದೆ. ಒಂದು ಇಂಚು ಕೆಳಗೆ ಕತ್ತರಿಸಿದ್ದರೆ ಸಾಕಿತ್ತು. ಇದೊಂದು ಸರಿಮಾಡಬಹುದಾದ ತಪ್ಪು, ಹಾಳೆಗೆ ಗಮ್ ಹಾಕಿಲ್ಲದಿದ್ದರೆ. ಹಾಕಿದ್ದೀರೋ ಇಲ್ಲವೋ ಬಿಚ್ಚದೆ ನನಗೆ ಗೊತ್ತಾಗುತ್ತಿಲ್ಲ. ಬಿಚ್ಚಲು ಧೈರ್ಯ ಬರುತ್ತಿಲ್ಲ.

ಐದನೆಯದು ಬಸ್ ಟಿಕೆಟ್. 2016ರ ಮಾರ್ಚ್ 23, ಟಿ20 ವಿಶ್ವಕಪ್, ಬಾಂಗ್ಲಾದೇಶದ ಮೇಲೆ ಒಂದು ರನ್ನಿನಿಂದ ಗೆದ್ದೆವಲ್ಲ, ಕೊನೆಯ ಬಾಲಿಗೆ ಧೋನಿ ಒಂದು ಗ್ಲೌಸ್ ಬಿಚ್ಚಿಕೊಂಡು ನಿಂತು, ಓಡಿ ಬಂದು ರನ್‌ಔಟ್ ಮಾಡಿದರಲ್ಲ, ಅದು. ಆವತ್ತು ಮೈಸೂರಿನಿಂದ ಬೆಂಗಳೂರಿಗೆ ಹೋದ ಬಸ್ಸಿನ ಟಿಕೆಟ್. ಕಂಡಕ್ಟರ್ ಮಷೀನಿನಿಂದ ಬರುವ ಥರ್ಮಲ್ ಪೇಪರ್. ಅದಕ್ಕೆ ಬಿಸಿ ತಾಗಿದರೆ ಕಪ್ಪಾಗುತ್ತದೆ, ಆ ಕಾಗದದ ಮೇಲೆ ಅಕ್ಷರ ಮೂಡುವುದೇ ಬಿಸಿಯಿಂದ. ಹೋಟೆಲ್ ಬಿಲ್ಲಿನ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಏನಾಗುತ್ತದೆ ಎಂದು ಯಾರು ಬೇಕಾದರೂ ನೋಡಿರುತ್ತಾರೆ. ನಿಮ್ಮವರು ಅದನ್ನು ಬಿಸಿ ಲ್ಯಾಮಿನೇಷನ್ ಮಷೀನಿಗೆ ಹಾಕಿದ್ದಾರೆ. ಈಗ ಪ್ಲಾಸ್ಟಿಕ್ಕಿನೊಳಗೆ ಒಂದು ಕಪ್ಪು ಪಟ್ಟಿ ಇದೆ. ಊರಿನ ಹೆಸರಿಲ್ಲ, ತಾರೀಖಿಲ್ಲ. ಲ್ಯಾಮಿನೇಷನ್ ನಾನು ಕೇಳಿರಲೇ ಇಲ್ಲ, ಬಿಲ್ಲಿನಲ್ಲೂ ಅದು ಇಲ್ಲ. ಇದನ್ನು ಯಾರ ಕೈಯಲ್ಲೂ ಸರಿಮಾಡಲು ಆಗುವುದಿಲ್ಲ.

ಹಳೆಯ ಕಾಗದಕ್ಕೆ ಕಟ್ಟು ಹಾಕುವುದು ಅಂಥ ಕಷ್ಟದ ಕೆಲಸವೂ ಅಲ್ಲ. ನಾಲ್ಕು ಮೂಲೆಗೆ ಕಾಗದದ ಕಾರ್ನರ್ ಮಾಡಿ ಅದರೊಳಗೆ ಸಿಕ್ಕಿಸಿದರೆ ಗಮ್ಮೇ ಬೇಡ, ಹಿಂದಿನ ಕಾಲದ ಫೋಟೋ ಆಲ್ಬಮ್ಮಿನಲ್ಲಿ ಹಾಗೇ ಇರುತ್ತಿತ್ತು ಅಲ್ವಾ. ಆಸಿಡ್ ಇಲ್ಲದ ಬೋರ್ಡು ಬೇಕು, ಇಲ್ಲದಿದ್ದರೆ ಕಾಗದ ಹಳದಿಯಾಗುತ್ತದೆ. ಗಾಜು ಕಾಗದಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಬೇಕು, ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಇದೆಲ್ಲಾ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹಳೆಯ ಕಾಗದದ ಕೆಲಸ ಒಪ್ಪಿಕೊಳ್ಳಬೇಡಿ, ಫೋಟೋ ಮಾತ್ರ ಮಾಡಿ.

ಮುಂದಿನ ಆರ್ಡರಿಗೆ ಶೇಕಡಾ 20 ಡಿಸ್ಕೌಂಟ್ ಕೊಡುತ್ತೇವೆ ಎಂದು ಮೆಸೇಜ್ ಬಂದಿದೆ. ಡಬ್ಬಿಯಲ್ಲಿ ಇನ್ನೂ ನಲವತ್ತಕ್ಕೂ ಜಾಸ್ತಿ ಇವೆ, ಒಂದನ್ನೂ ನಿಮ್ಮ ಕೈಗೆ ಕೊಡಲಾರೆ. ನನಗೆ ಬೇಕಾಗಿರುವುದು ಬೇರೆ. ಕಟ್ಟಿದ ₹6,800 ಪೂರ್ತಿ ವಾಪಸ್ ಬೇಕು. ಮಾವ ಬರೆದ ಟಿಕೆಟ್ಟನ್ನು ಬೋರ್ಡಿನಿಂದ ಬಿಡಿಸಲು ಹಳೆಯ ಕಾಗದ ದುರಸ್ತಿ ಮಾಡುವ ಅನುಭವಸ್ಥರಿಗೆ ಕೊಡಬೇಕು. ಅವರನ್ನು ನಾನೇ ಹುಡುಕುತ್ತೇನೆ, ಖರ್ಚು ನಿಮ್ಮದು. ಕಳಿಸಿದ್ದನ್ನು ಕತ್ತರಿಸಿದ್ದು ತಪ್ಪಾಯಿತು ಎಂದು ಬರವಣಿಗೆಯಲ್ಲಿ ಬೇಕು, ಡಿಸ್ಕೌಂಟ್ ಕೂಪನ್ನಿನ ಕೆಳಗೆ ಒಂದು "ಸಾರಿ" ಎಂದು ಹಾಕಿದರೆ ಆಗುವುದಿಲ್ಲ. ನಿಮ್ಮ ಆರ್ಡರ್ ಫಾರಂನಲ್ಲಿ "ಕತ್ತರಿಸಬೇಡಿ, ಗಮ್ ಬೇಡ, ಲ್ಯಾಮಿನೇಷನ್ ಬೇಡ" ಎಂದು ಗುರುತು ಹಾಕುವ ಜಾಗವನ್ನೂ ಮಾಡಿ. ನನ್ನ ಹಾಗೆ ಇನ್ನೊಬ್ಬರು ಅಜ್ಜಿಯ ಪತ್ರವನ್ನೋ ಅಪ್ಪನ ಮಾರ್ಕ್ಸ್ ಕಾರ್ಡನ್ನೋ ತಂದುಕೊಟ್ಟಿರುತ್ತಾರೆ.

ಹದಿನೈದು ದಿನ ಕಾಯುತ್ತೇನೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಅದಾದ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ಕೇಸು ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಹೆದರಿಸಲು ಹೇಳುತ್ತಿಲ್ಲ. ಕೋರ್ಟು ಕಚೇರಿ ನನಗೂ ಇಷ್ಟ ಇಲ್ಲ, ಆದರೆ ಸುಮ್ನೆ ಬಿಡುವುದಿಲ್ಲ.

ಇದಕ್ಕೆಲ್ಲಾ ಮೊದಲು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ವರ್ಕ್‌ಶಾಪಿನಲ್ಲಿ ಕಟರ್ ಇರುವ ಟೇಬಲ್ಲಿನ ಕೆಳಗೆ, ಕಸದ ಚೀಲದಲ್ಲಿ, ಕತ್ತರಿಸಿದ ಚೂರುಗಳು ಇನ್ನೂ ಇವೆಯಾ ಎಂದು ಯಾರನ್ನಾದರೂ ಕೂರಿಸಿ ಹುಡುಕಿಸಿ. ಮೂರು ಸಣ್ಣ ಪಟ್ಟಿಗಳು, ಕಿರುಬೆರಳಿಗಿಂತ ಅಗಲ ಇಲ್ಲ. ಒಂದು ಕಡೆ ನೇರ, ಇನ್ನೊಂದು ಕಡೆ ಹರಿದಿರುತ್ತದೆ. ಒಂದರಲ್ಲಿ ಅರ್ಧ ಅಂಕಿ ಇರುತ್ತದೆ. ಸಿಕ್ಕರೆ ಒರೆಸಬೇಡಿ, ಟೇಪ್ ಹಾಕಬೇಡಿ. ಎರಡು ರಟ್ಟಿನ ಮಧ್ಯೆ ಇಟ್ಟು, ಕವರಿಗೆ ಹಾಕಿ, ಹಾಗೇ ಕಳಿಸಿ.

ಇಂತಿ,
ನಿಮ್ಮ ಗ್ರಾಹಕ, ಮೈಸೂರು
(ಆರ್ಡರ್ ರಸೀದಿ, ಕೊಡುವ ಮೊದಲು ತೆಗೆದ ಫೋಟೋಗಳು, ಈಗಿನ ಫೋಟೋಗಳು ಜೊತೆಗಿವೆ)